ಅಜ್ಜನ ಜೋಡುನಳಿಗೆ ಕೋವಿ: ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು?

ತೋಟದಮನೆ ಮೊಮ್ಮಗಳು, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಅಡಿಕೆ ತೋಟ. ಅಜ್ಜ ಹೋಗಿ ಎರಡು ವರ್ಷವಾಯಿತು. ಅವರ ಜೋಡುನಳಿಗೆ ತೋಟಾ (ಮದ್ದು, ಚರೆ ತುಂಬಿದ ಕಾರ್ಟ್ರಿಜ್) ಕೋವಿ ಇಷ್ಟು ದಿನ ಡೀಲರ್ ಹತ್ತಿರ ಜಮಾ ಇತ್ತು. ವಾರಸುದಾರರ ಅರ್ಜಿ, ಪೊಲೀಸ್ ವರದಿ ಎಲ್ಲ ಮುಗಿದು ಕಳೆದ ತಿಂಗಳು ಡಿ.ಸಿ. ಕಚೇರಿಯಿಂದ ನನ್ನ ಹೆಸರಿಗೆ ಲೈಸೆನ್ಸ್ ಬಂತು. ಕೋವಿ ಮನೆಗೆ ಬಂದಿದೆ.

ನಳಿಗೆಯ ಅಳತೆ 12 ಬೋರ್. ಹೊರಗೆ ಕುದುರೆ (ತೋಟಾ ಸಿಡಿಸಲು ಬಡಿಯುವ ಭಾಗ) ಇಲ್ಲ, ಒಳಗೇ ಇದೆ. ನಳಿಗೆ ನಡುವಿನ ಪಟ್ಟಿಯ ಮೇಲೆ ಕಲ್ಕತ್ತಾದ ಅಂಗಡಿಯೊಂದರ ಹೆಸರು ಅರ್ಧ ಅಳಿಸಿದೆ. ನಳಿಗೆಯ ಅಡಿಯಲ್ಲಿ ಕಿರೀಟದ ಗುರುತು, ಅದರ ಕೆಳಗೆ ಎನ್.ಪಿ. ಎಂಬ ಅಕ್ಷರ, ಒಂದು ವಜ್ರದಾಕಾರದ ಚೌಕದಲ್ಲಿ 12 ಮತ್ತು ಸಿ.

ಸ್ಥಿತಿ ಹೇಳುತ್ತೇನೆ. ನಳಿಗೆಯ ಕಪ್ಪು ಬಣ್ಣ ಪೂರಾ ಹೋಗಿ ಕಂದು ತುಕ್ಕು ಹಿಡಿದಿದೆ. ಎಡ ನಳಿಗೆಯಲ್ಲಿ ಒಂದು ಸಣ್ಣ ತಗ್ಗು. ಮರದ ಹಿಡಿ ಕುತ್ತಿಗೆಯ ಹತ್ತಿರ ಸೀಳಿದೆ, ಅಜ್ಜ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಬಾಗಿಲು ತೆರೆದ ಹಾಗೆ ನಳಿಗೆ ಬಗ್ಗಿಸಿ ಕೋವಿ ತೆರೆದು ನೋಡಿದರೆ ಒಳಗೆಲ್ಲ ಜಿಗುಟು.

ಇನ್ನೊಂದು ವಿಷಯ. ಪ್ರತಿ ಆಯುಧ ಪೂಜೆಗೆ ಅಜ್ಜಿ ಕೋವಿಯ ಬಲಗೆನ್ನೆಗೆ, ಅಂದರೆ ಟ್ರಿಗರ್ ಮೇಲಿನ ಉಕ್ಕಿನ ಭಾಗಕ್ಕೆ, ಅರಿಶಿನ ಕುಂಕುಮ ಇಡುತ್ತಿದ್ದರು. ಅದೇ ಜಾಗದಲ್ಲಿ ಈಗ ನಾಲ್ಕಾಣೆಯಷ್ಟು ಅಗಲಕ್ಕೆ ತುಕ್ಕಿನ ಗುಂಡಿ ಬಿದ್ದಿದೆ.

ನನ್ನ ಭಾವ ಹೇಳುವುದು, ಶಿವಮೊಗ್ಗಕ್ಕೆ ಕೊಟ್ಟು ಎಲ್ಲ ಉಜ್ಜಿಸಿ ಹೊಳಪು ಮಾಡಿಸಿ, ಬೀಟೆ ಮರದಲ್ಲಿ ಹೊಸ ಹಿಡಿ ಹಾಕಿಸೋಣ ಅಂತ. ನನಗೆ ಮನಸ್ಸು ಒಪ್ಪುತ್ತಿಲ್ಲ. ಹಾಗಂತ ಹೀಗೇ ಬಿಟ್ಟರೆ ಈ ಮಳೆಗಾಲದಲ್ಲಿ ತುಕ್ಕು ತಿಂದು ಮುಗಿಸುತ್ತದೆ. ತಿಳಿದವರು ದಾರಿ ಹೇಳಿ.

ಕೊಪ್ಪದ ಕಾಫಿ

ತಂಗಿ, ಎಲ್ಲಕ್ಕಿಂತ ಮೊದಲು ನಳಿಗೆ ಎರಡೂ ಖಾಲಿ ಇದೆಯಾ ನೋಡಿ. ಡೀಲರ್ ಹತ್ತಿರದಿಂದ ಬಂದಿದೆ, ಖಾಲಿಯೇ ಇರುತ್ತದೆ. ಆದರೂ ಪ್ರತಿ ಸಲ ಕೈಗೆ ತೆಗೆದುಕೊಂಡಾಗ ತೆರೆದು ನೋಡುವ ಅಭ್ಯಾಸ ಇರಲಿ. ನಮ್ಮ ಮನೆಯಲ್ಲಿ ಅಟ್ಟದಿಂದ ಇಳಿಸಿದ ಕೋವಿಯಲ್ಲಿ ಹಳೇ ತೋಟಾ ಒಂದು ಹಾಗೇ ಕೂತಿತ್ತು. ಹಿತ್ತಾಳೆ ಹಸಿರು ಕಟ್ಟಿ ಅಂಟಿಕೊಂಡಿತ್ತು. ಅಪ್ಪ ಅದನ್ನು ಕೀಳಲು ಹೋಗಲಿಲ್ಲ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದರು. ಆ ದಿನ ಅಪ್ಪ ಮಾಡಿದ ಕೆಲಸ ನನಗೆ ಇವತ್ತಿಗೂ ದೊಡ್ಡದು.

ಎರಡನೆಯದು, ಒಂದು ವಾರ ಏನೂ ಮಾಡಬೇಡಿ. ಬೆಳಕಲ್ಲಿಟ್ಟು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮರಳು ಕಾಗದ ಮನೆಯಲ್ಲಿದ್ದರೆ ಬೇರೆ ಕೋಣೆಯಲ್ಲಿಡಿ.

ಭದ್ರಾವತಿ ಲೇತ್

ಮರಳು ಕಾಗದದ ಮಾತು ಬಂತಲ್ಲ, ನನ್ನ ಕಥೆ ಹೇಳಲೇಬೇಕು. ನಾನು ಕಬ್ಬಿಣದ ಕೆಲಸದವನು, ಲೇತ್ ಮುಂದೆ ಮೂವತ್ತು ವರ್ಷ ನಿಂತಿದ್ದೇನೆ. ಕಬ್ಬಿಣ ನನಗೆ ಗೊತ್ತು ಅಂದುಕೊಂಡು ಮಾವನ ಕೋವಿಯನ್ನು ಬಫಿಂಗ್ ಚಕ್ರಕ್ಕೆ ಹಿಡಿದೆ. ಕನ್ನಡಿ ಹಾಗೆ ಹೊಳೆಯಿತು. ಆಮೇಲೆ ನೋಡಿದರೆ ಗುಲಾಬಿ ಹೂವಿನ ಕೆತ್ತನೆ ಅರ್ಧ ಮಾಯ. ಚೂಪಾಗಿದ್ದ ಅಂಚುಗಳೆಲ್ಲ ಸೋಪಿನ ಹಾಗೆ ದುಂಡಗಾಗಿದ್ದವು. ಸ್ಕ್ರೂ ತಲೆಯ ಸುತ್ತ ತಟ್ಟೆಯಂತೆ ಕುಳಿ ಬಿದ್ದಿತ್ತು. ಅಡಿಯಲ್ಲಿದ್ದ ಪರೀಕ್ಷೆಯ ಮುದ್ರೆಗಳನ್ನು ಈಗ ಯಾರಿಗೂ ಓದಲು ಆಗುವುದಿಲ್ಲ. ಅಂದರೆ ಆ ಕೋವಿ ಯಾವ ಕಾಲದ್ದು, ಎಂಥ ಮದ್ದಿಗೆ ಪರೀಕ್ಷೆಯಾದದ್ದು ಅನ್ನುವುದನ್ನೇ ನಾನು ಅಳಿಸಿ ಹಾಕಿದೆ. ಮಾವ ಏನೂ ಅನ್ನಲಿಲ್ಲ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ಕೆಳಗಿಟ್ಟರು.

ಲೋಹ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ ತಂಗಿ.

ನಳಿಗೆ ನಾದ, ಶಿವಮೊಗ್ಗ

ನಾನು ಲೈಸೆನ್ಸ್ ಇರುವ ಕೋವಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿ ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಕೋವಿ ಯಾವುದು ಅಂತ ನೋಡೋಣ. ಕಲ್ಕತ್ತಾದ ಹೆಸರಿದೆ ಅಂದ ಮಾತ್ರಕ್ಕೆ ಅಲ್ಲೇ ತಯಾರಾದದ್ದು ಅಂತಲ್ಲ. ಮ್ಯಾಂಟನ್, ಆರ್.ಬಿ. ರೊಡ್ಡಾ ತರಹದ ಕಲ್ಕತ್ತಾ ಅಂಗಡಿಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ಅಡಿಯ ಗುರುತುಗಳೇ ನಿಜವಾದ ಜಾತಕ. ಕಿರೀಟದ ಕೆಳಗೆ ಎನ್.ಪಿ. ಅಂದರೆ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್‌ನಲ್ಲಿ (ಕೋವಿ ಪರೀಕ್ಷಿಸಿ ಮುದ್ರೆ ಹೊಡೆಯುವ ಜಾಗ) ನೈಟ್ರೋ, ಅಂದರೆ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆಯಾಗಿದೆ. ಆ ಗುರುತು 1904ರಿಂದ ಬಂತು. 1954ರ ನಂತರ ಅದು ಬಿ.ಎನ್.ಪಿ. ಆಯಿತು. ಹಾಗಾಗಿ ನಿಮ್ಮದು ಆ ಐವತ್ತು ವರ್ಷದ ನಡುವಿನದು. ಕುದುರೆ ಒಳಗಿರುವ ಪೆಟ್ಟಿಗೆ ಲಾಕ್ (ಈಡು ಹಾರಿಸುವ ಭಾಗಗಳೆಲ್ಲ ಉಕ್ಕಿನ ಪೆಟ್ಟಿಗೆಯೊಳಗೆ ಇರುವುದು) ಅಂದರೆ ಆನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಮಾಡಿದ ಬಗೆ ಇರಬೇಕು. ನಳಿಗೆ ಬಗ್ಗಿಸಿದಾಗ ಅದರ ಭಾರಕ್ಕೇ ಒಳಗಿನ ಕುದುರೆ ಏರುತ್ತದೆ. ಒಳಗೆ ಭಾಗಗಳು ತೀರಾ ಕಡಿಮೆ. ಅದಕ್ಕೇ ಇವು ಇಷ್ಟು ಕಾಲ ಬಾಳಿವೆ.

ಇನ್ನು ನೀವೇ ಮನೆಯಲ್ಲಿ ಮಾಡಬಹುದಾದ ಎರಡು ಪರೀಕ್ಷೆ.

ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ನಳಿಗೆ ಬಿಚ್ಚಿ. ಅಡಿಯ ಕೊಕ್ಕೆಗೆ ಗಟ್ಟಿ ದಾರ ಕಟ್ಟಿ ಗಾಳಿಯಲ್ಲಿ ತೂಗುಹಾಕಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ಎಳೆದು ನಾದ ಬಂದರೆ ನಳಿಗೆ ಮತ್ತು ಪಟ್ಟಿಯ ಬೆಸುಗೆ ಗಟ್ಟಿ ಇದೆ. ಒಡೆದ ಮಡಕೆಯ ಹಾಗೆ ಬಂದರೆ ಎಲ್ಲೋ ಬಿಟ್ಟುಕೊಂಡಿದೆ, ಒಳಗೆ ನೀರು ಕೂತು ತುಕ್ಕು ತಿನ್ನುತ್ತಿರುತ್ತದೆ.

ಎರಡನೆಯದು, ಮುಂಗೈ ಮರ (ನಳಿಗೆಯ ಅಡಿಯಲ್ಲಿ ಕೈ ಹಿಡಿಯುವ ಮರದ ತುಂಡು) ತೆಗೆದು ನಳಿಗೆ ಮಾತ್ರ ಜೋಡಿಸಿ ಮುಚ್ಚಿ. ದೀಪದ ಎದುರು ಹಿಡಿದು ನಳಿಗೆಯ ಹಿಂಬದಿ ಮತ್ತು ಉಕ್ಕಿನ ಮುಖದ ನಡುವೆ ಬೆಳಕು ಕಾಣುತ್ತದಾ ನೋಡಿ. ಮೆಲ್ಲಗೆ ಅಲುಗಿಸಿ. ಅಲುಗಿದರೆ ಕೀಲು ಸವೆದಿದೆ ಅಂತ ಅರ್ಥ. ತಗಡಿನ ಚೂರು ತೂರಿಸಿ ಅದನ್ನು ಬಿಗಿ ಮಾಡುವವರಿದ್ದಾರೆ. ಮಾರುವವರೆಗೆ ಬಿಗಿ ಇರುತ್ತದೆ, ಹತ್ತು ಈಡು ಹೊಡೆದರೆ ಮತ್ತೆ ಸಡಿಲ. ಸರಿಯಾದ ದಾರಿ ಹೊಸ ಕೀಲು ಹಾಕುವುದು ಅಥವಾ ಕೊಕ್ಕೆಗೆ ಲೋಹ ತುಂಬಿ ಮಸಿ ಹಚ್ಚಿ ಮಸಿ ಹಚ್ಚಿ ಕೈಯಿಂದ ಅರೆದು ಕೂರಿಸುವುದು. ಅದು ಮನೆ ಕೆಲಸವಲ್ಲ.

ಎಡ ನಳಿಗೆಯ ತಗ್ಗು ನನಗೆ ಚಿಂತೆಯ ವಿಷಯ. ತಗ್ಗು ಇರುವ ನಳಿಗೆಯಿಂದ ಈಡು ಹೊಡೆದರೆ ಪ್ರತಿ ಸಲ ಚರೆ ಆ ಉಬ್ಬನ್ನು ಒಳಗಿಂದ ಬಡಿಯುತ್ತಾ ಹೋಗುತ್ತದೆ, ಆ ಜಾಗ ತೆಳುವಾಗುತ್ತದೆ. ತಗ್ಗು ಎತ್ತುವ ಮೊದಲು ಗೋಡೆಯ ದಪ್ಪ ಅಳೆಯಬೇಕು. ಅದಕ್ಕೆ ಬೇರೆಯೇ ಅಳತೆ ಸಾಧನ ಬೇಕು. ನಮ್ಮ ಕೆಲಸದಲ್ಲಿ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್, ಅದಕ್ಕಿಂತ ತೆಳುವಿದ್ದರೆ ಆ ನಳಿಗೆಯನ್ನು ಬಳಸಬೇಡಿ ಅಂತಲೇ ಹೇಳುತ್ತೇವೆ.

ಈಗ ಬಣ್ಣದ ವಿಷಯ. ಇದನ್ನು ಎಲ್ಲರೂ ಓದಿ. ಯಾವುದೇ ಜೋಡುನಳಿಗೆಯನ್ನು ಕುದಿಯುವ ಕಾಸ್ಟಿಕ್ ಉಪ್ಪಿನ ತೊಟ್ಟಿಗೆ ಹಾಕಿ ಕಪ್ಪು ಮಾಡಿಸಬೇಡಿ. ಒಂಟಿ ನಳಿಗೆಗೆ, ರೈಫಲ್‌ಗೆ ಅದು ನಡೆಯುತ್ತದೆ. ಆದರೆ ಜೋಡುನಳಿಗೆಯ ಪಟ್ಟಿಗಳು ಕೂತಿರುವುದು ತವರ ಮತ್ತು ಸೀಸದ ಬೆಸುಗೆಯ ಮೇಲೆ. ಕಾಸ್ಟಿಕ್ ಆ ಬೆಸುಗೆಯನ್ನೇ ತಿನ್ನುತ್ತದೆ. ಉಪ್ಪು ಪಟ್ಟಿಯ ಒಳಗೆ ಸಿಕ್ಕಿಕೊಳ್ಳುತ್ತದೆ. ಮನೆಗೆ ಬಂದಾಗ ಚೆಂದ ಕಾಣುತ್ತದೆ, ಒಂದೆರಡು ಮಳೆಗಾಲ ಕಳೆದ ಮೇಲೆ ಪಟ್ಟಿ ಬಾಯಿ ಬಿಡುತ್ತದೆ. ಹೀಗೆ ಹಾಳಾದ ಒಳ್ಳೊಳ್ಳೆಯ ಕೋವಿಗಳನ್ನು ನಾನು ಕೈಯಲ್ಲಿ ಹಿಡಿದು ಸಂಕಟಪಟ್ಟಿದ್ದೇನೆ.

ಹಳೆಯ ಕ್ರಮ ತುಕ್ಕಿನಿಂದಲೇ ಕಪ್ಪು ಮಾಡುವುದು. ನಳಿಗೆಯ ಬಾಯಿಗಳಿಗೆ ಮರದ ಬೆಣೆ ಹಾಕಿ, ಎಣ್ಣೆಯ ಲವಲೇಶವೂ ಇಲ್ಲದ ಹಾಗೆ ಸುಣ್ಣದ ಹಿಟ್ಟಿನಿಂದ ತಿಕ್ಕಿ ತೊಳೆಯುತ್ತೇವೆ. ಆಮೇಲೆ ಬರಿಗೈ ತಾಗಬಾರದು. ತುಕ್ಕು ತರಿಸುವ ದ್ರಾವಣವನ್ನು ತೆಳ್ಳಗೆ ಸವರಿ ತೇವದ ಜಾಗದಲ್ಲಿ ಬಿಡುತ್ತೇವೆ. ಕೆಲವು ಗಂಟೆಗಳಲ್ಲಿ ನಯವಾದ ಕೆಂಪು ತುಕ್ಕು ಏಳುತ್ತದೆ. ನಳಿಗೆಯನ್ನು ಉದ್ದದ ತೊಟ್ಟಿಯಲ್ಲಿ ಶುದ್ಧ ನೀರಿನಲ್ಲಿ ಕುದಿಸುತ್ತೇವೆ. ಕಣ್ಣೆದುರೇ ಕೆಂಪು ಕಪ್ಪಾಗುತ್ತದೆ. ಕಬ್ಬಿಣದ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಬದಲಾಗುವುದು ಅದು. ಹೊರಗೆ ತೆಗೆದಾಗ ಮಖಮಲ್ಲಿನ ಹಾಗೆ ಕಪ್ಪು ಪುಡಿ ಕೂತಿರುತ್ತದೆ. ಅದನ್ನು ಎಣ್ಣೆ ಇಲ್ಲದ ನಯ ಉಕ್ಕಿನ ಉಣ್ಣೆಯಿಂದ ಒರೆಸಿದರೆ ಅಡಿಯಲ್ಲಿ ತೆಳು ಬೂದುಗಪ್ಪು. ಮತ್ತೆ ಸವರು, ಮತ್ತೆ ತುಕ್ಕು, ಮತ್ತೆ ಕುದಿಸು. ಆರೆಂಟು ಸಲ ಆದ ಮೇಲೆ ಆಳವಾದ ನೀಲಿಗಪ್ಪು ಬರುತ್ತದೆ.

ಒಣ ಹವೆಯ ಊರಿನವರು ಇದಕ್ಕೆ ತೇವದ ಪೆಟ್ಟಿಗೆ ಕಟ್ಟಿಕೊಳ್ಳುತ್ತಾರೆ. ನಮಗೆ ಅದು ಬೇಕಾಗಿಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜುಲೈ ತಿಂಗಳಲ್ಲಿ ನಿಮ್ಮ ಜಗಲಿಯೇ ತೇವದ ಪೆಟ್ಟಿಗೆ. ಕುದಿಸಲು ಬೋರ್‌ವೆಲ್ ನೀರು ಬೇಡ, ಅದರ ಸುಣ್ಣದ ಅಂಶ ಕಲೆ ಕೂರಿಸುತ್ತದೆ. ಬಟ್ಟೆ ಕಟ್ಟಿ ಹಿಡಿದ ಮಳೆ ನೀರಿಗಿಂತ ಒಳ್ಳೆಯದು ಯಾವುದೂ ಇಲ್ಲ. ನಳಿಗೆ ಕೆಲಸ ಮಳೆಗಾಲಕ್ಕೆ, ಮರದ ಕೆಲಸ ಬೇಸಿಗೆಗೆ ಅಂತ ನನಗೆ ಕಲಿಸಿದವರು ಹೇಳುತ್ತಿದ್ದರು.

ಮಲೆನಾಡ ವಕೀಲ

ಒಳ್ಳೆಯ ವಿವರ. ಕಾನೂನಿನ ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ಉತ್ಸಾಹದಲ್ಲಿ ಜನ ತಪ್ಪು ಮಾಡುತ್ತಾರೆ.

1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಯನ್ನು ಕಸುಬಾಗಿ ಮಾಡಲು ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮದೇ ಕೋವಿಯನ್ನು ಒರೆಸುವುದು, ಎಣ್ಣೆ ಹಾಕುವುದು ಬೇರೆ. ಲಾಕ್, ಕೀಲು, ನಳಿಗೆ ಇವುಗಳನ್ನು ಲೈಸೆನ್ಸ್ ಇರುವವರ ಕೈಗೇ ಕೊಡಿ. ನೆರೆಮನೆಯ ಕಮ್ಮಾರ ಎಷ್ಟೇ ಜಾಣನಾದರೂ ಬೇಡ, ಅವರಿಗೂ ತೊಂದರೆ. ನಳಿಗೆ ಕತ್ತರಿಸಿ ಗಿಡ್ಡ ಮಾಡುವ ಯೋಚನೆಯನ್ನಂತೂ ಮಾಡಲೇಬೇಡಿ. ಅದು 6ನೇ ಸೆಕ್ಷನ್ನಿನ ಅಪರಾಧ.

ರಿಪೇರಿಗೆ ನೀವೇ ಹೋಗಲು ಆಗದಿದ್ದರೆ ಬೇರೆಯವರು ಒಯ್ಯಬಹುದು. ಆದರೆ ಲೈಸೆನ್ಸ್‌ದಾರರಾದ ನೀವು ಬರೆದು ಸಹಿ ಹಾಕಿ ಕೊಟ್ಟ ಪತ್ರ ಅವರ ಕೈಯಲ್ಲಿ ಇರಬೇಕು. 3ನೇ ಸೆಕ್ಷನ್ನಿನಲ್ಲೇ ಇದಕ್ಕೆ ಅವಕಾಶ ಇದೆ. ಭಾವನ ಕೈಗೆ ಸುಮ್ನೆ ಕೊಟ್ಟು ಕಳಿಸಬೇಡಿ. 2019ರ ತಿದ್ದುಪಡಿಯ ನಂತರ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಕೋವಿ ಇರುವಂತಿಲ್ಲ, ವಂಶದಿಂದ ಬಂದದ್ದೂ ಅದರ ಲೆಕ್ಕಕ್ಕೇ ಸೇರುತ್ತದೆ. ಕೊಡಗಿನ ಸಂಬಂಧಿಕರಿಗೆ ಇರುವ ಲೈಸೆನ್ಸ್ ವಿನಾಯಿತಿ ನೋಡಿ ನಮಗೂ ಅದೇ ಇದೆ ಅಂದುಕೊಳ್ಳುವವರಿದ್ದಾರೆ. ಅದು ಅಲ್ಲಿನ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಮಾತ್ರ.

ತೋಟದಮನೆ ಮೊಮ್ಮಗಳು, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ನಾದ ಅಣ್ಣ, ಇವತ್ತು ಬೆಳಿಗ್ಗೆ ನೀವು ಹೇಳಿದ ಎರಡೂ ಪರೀಕ್ಷೆ ಮಾಡಿದೆ. ಅಡಿಕೆ ಒಣಗಿಸುವ ಚಪ್ಪರದ ಗಳುವಿಗೆ ದಾರ ಕಟ್ಟಿ ನಳಿಗೆ ತೂಗಿಸಿ ತಟ್ಟಿದೆ. ಎಷ್ಟು ಹೊತ್ತು ನಾದ ಬಂತು ಗೊತ್ತಾ! ಅಡಿಗೆಮನೆಯಲ್ಲಿದ್ದ ಅಜ್ಜಿ ಏನು ಗಂಟೆ ಅಂತ ಹೊರಗೆ ಬಂದರು.

ಎರಡನೆಯದರಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಮುಂಗೈ ಮರ ತೆಗೆದಾಗ ಚೂರು ಅಲುಗುತ್ತದೆ. ಹಾಕಿದಾಗ ಗಟ್ಟಿ.

ಒಳಗಿನ ಜಿಗುಟು ಏನು? ಅಜ್ಜ ಕೊಬ್ಬರಿ ಎಣ್ಣೆ ಹಾಕುತ್ತಿದ್ದರು.

ನಳಿಗೆ ನಾದ, ಶಿವಮೊಗ್ಗ

ಪಟ್ಟಿ ಗಟ್ಟಿ ಇದೆ ಅಂತ ಕೇಳಿ ಸಂತೋಷವಾಯಿತು ತಂಗಿ. ಕೀಲಿನ ಕೆಲಸ ಇದೆ, ದೊಡ್ಡದಲ್ಲ.

ಕೊಬ್ಬರಿ ಎಣ್ಣೆ ನಮ್ಮ ಕಡೆ ಎಲ್ಲ ಮನೆಯಲ್ಲೂ ಹಾಕುತ್ತಿದ್ದರು. ಚಳಿಗಾಲದ ಬೆಳಿಗ್ಗೆ ಶೀಶೆಯಲ್ಲಿ ಅದು ಹೆಪ್ಪುಗಟ್ಟುತ್ತದೆ ಅಲ್ವಾ, ಲಾಕ್ ಒಳಗೂ ಹಾಗೇ. ಹಳತಾದ ಮೇಲೆ ಮುಗ್ಗಲು ಹಿಡಿದು, ಧೂಳು, ಒಲೆಯ ಮಸಿ ಸೇರಿ ಮೇಣವಾಗುತ್ತದೆ. ಕುದುರೆ ನಿಧಾನವಾಗಿ ಬೀಳುತ್ತದೆ, ಸೇಫ್ಟಿ ಸರಿಯಾಗಿ ಕೂರುವುದಿಲ್ಲ. ಲಾಕ್ ಬಿಚ್ಚಿ ತೊಳೆಯಲೇಬೇಕು. ಆದರೆ ನೀವು ಬಿಚ್ಚಬೇಡಿ. ಆ ಸ್ಕ್ರೂಗಳ ಸೀಳು ಕೂದಲಿನಷ್ಟು ತೆಳು. ಅಂಗಡಿಯ ಸ್ಕ್ರೂಡ್ರೈವರ್ ಅದರೊಳಗೆ ಹೋಗುವುದೇ ಇಲ್ಲ, ಜಾರಿ ತಲೆ ಹರಿಯುತ್ತದೆ. ನಾವು ಪ್ರತಿ ಸ್ಕ್ರೂಗೆ ಒಂದೊಂದು ಡ್ರೈವರ್ ಅರದಿಂದ ಅರೆದು ಮಾಡಿಕೊಳ್ಳುತ್ತೇವೆ. ನಿಮ್ಮ ಕೋವಿಯ ಸ್ಕ್ರೂ ಸೀಳುಗಳೆಲ್ಲ ನಳಿಗೆಯ ಉದ್ದಕ್ಕೇ ನೇರವಾಗಿ ನಿಂತಿವೆಯಾ ನೋಡಿ. ನಿಂತಿದ್ದರೆ ಇದುವರೆಗೆ ಕೆಟ್ಟ ಕೈ ಅದನ್ನು ಮುಟ್ಟಿಲ್ಲ ಅಂತ ಅರ್ಥ.

ತೋಟದಮನೆ ಮೊಮ್ಮಗಳು, ತೀರ್ಥಹಳ್ಳಿ

ಎಲ್ಲವೂ ನೇರವಾಗಿವೆ ಅಣ್ಣ. ಒಂದು ಮಾತ್ರ ಚೂರು ಓರೆ.

ಸಾಗರದ ಮರಗೆಲಸ

ನಾನು ಕೋವಿಯವನಲ್ಲ, ಮರದವನು. ಆದರೆ ಹಿಡಿಯ ಕೆಲಸ ಐದಾರು ಮಾಡಿದ್ದೇನೆ, ಎಲ್ಲ ಲೈಸೆನ್ಸ್ ರಿಪೇರಿಯವರು ಹಿಡಿ ಮಾತ್ರ ಬಿಚ್ಚಿ ಕಳಿಸಿದ್ದು.

ಬೀಟೆ ಹಿಡಿ ಬೇಡ ಅಕ್ಕ. ನಾನು ದಿನವೂ ಬೀಟೆ ಮುಟ್ಟುವವನು, ಅದರ ಮೇಲೆ ನನಗೆ ಪ್ರೀತಿ ಜಾಸ್ತಿ. ಆದರೂ ಹೇಳುತ್ತೇನೆ. ಬೀಟೆ ಅಕ್ರೋಟ ಮರಕ್ಕಿಂತ ಭಾರ. ಕೋವಿ ಹಿಂದಕ್ಕೆ ವಾಲುತ್ತದೆ, ಭುಜಕ್ಕೆ ಏರಿಸುವಾಗ ಮೂತಿ ಮೇಲೆ ಹೋಗುತ್ತದೆ. ಗಟ್ಟಿ ಅನ್ನುವುದು ನಿಜ. ಆದರೆ ಏಟಿಗೆ ಬಗ್ಗುವುದಿಲ್ಲ, ಎಳೆಗುಂಟ ಸೀಳುತ್ತದೆ. ಈಡು ಅಂದರೆ ಏಟೇ ತಾನೆ. ಅಕ್ರೋಟ ಆ ಏಟನ್ನು ಕುಡಿದುಕೊಳ್ಳುತ್ತದೆ. ಮೇಲಾಗಿ ಬೀಟೆಯೊಳಗೇ ಎಣ್ಣೆ ಇದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ಮಾತು ಬೇರೆ. ಹಲಸಿನ ಹಿಡಿಯ ಕೋವಿಗಳೂ ನಮ್ಮ ಕಡೆ ಇವೆ. ಬೇರೆ ದಾರಿ ಇಲ್ಲದಾಗ ಹಲಸು ಕೆಟ್ಟದ್ದಲ್ಲ.

ನಿಮ್ಮ ಹಿಡಿಯನ್ನೇ ಉಳಿಸಬಹುದು. ಅಜ್ಜ ತಂತಿ ಸುತ್ತಿದ್ದರಲ್ಲ, ಅದರಿಂದ ಸೀಳು ಬಾಯಿ ಬಿಡದೆ ನಿಂತಿದೆ. ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಹಳೇ ಹಿಡಿಗಳ ದೊಡ್ಡ ಕಾಯಿಲೆ ಸೀಳಲ್ಲ, ಎಣ್ಣೆ. ಕೋವಿಯನ್ನು ಹಿಡಿ ಕೆಳಗೆ ಮಾಡಿ ಗೋಡೆಗೆ ಒರಗಿಸಿ ಇಡುತ್ತೇವೆ. ಲಾಕಿಗೆ ಹಾಕಿದ ಎಣ್ಣೆಯೆಲ್ಲ ವರ್ಷಗಟ್ಟಲೆ ಇಳಿದು ಇಳಿದು ಹಿಡಿಯ ತಲೆ ಕಪ್ಪಾಗಿ, ಉಗುರು ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿರುತ್ತದೆ. ಅಲ್ಲಿ ಅಂಟು ನಿಲ್ಲುವುದಿಲ್ಲ. ಮೊದಲು ಎಣ್ಣೆ ಹೀರಬೇಕು. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ಮಾಡಿ ಬಳಿಯುತ್ತೇನೆ. ಒಣಗಿದಾಗ ಪುಡಿ ಹಳದಿ ತಿರುಗಿರುತ್ತದೆ. ಕೆರೆದು ಮತ್ತೆ ಬಳಿಯುವುದು. ನಾನು ಒಂದು ಹಿಡಿಗೆ ಹದಿನಾಲ್ಕು ಸಲ ಬಳಿದಿದ್ದೇನೆ. ಗಾಳಿಯಾಡುವ ಜಾಗ ಬೇಕು, ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು.

ಸಣ್ಣ ತಗ್ಗುಗಳಿಗೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿ. ಹಬೆಗೆ ಮರದ ಎಳೆ ಉಬ್ಬಿ ಮೇಲೆ ಬರುತ್ತದೆ. ಕೆರೆಯುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆಮೇಲೆ ಅಗಸೆ ಎಣ್ಣೆ. ಒಂದು ಹನಿ ಅಂಗೈಗೆ ಹಾಕಿಕೊಂಡು ಮರ ಬಿಸಿಯಾಗುವವರೆಗೆ ಉಜ್ಜುವುದು. ಮಾರನೇ ದಿನ ಮತ್ತೆ ಒಂದು ಹನಿ. ಮಳೆಗಾಲದಲ್ಲಿ ಮಾಡಲು ಹೋಗಬೇಡಿ. ಎಣ್ಣೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಶುರುಮಾಡಿದರೆ ಯುಗಾದಿ ಆಚೆಗೆ ಮುಗಿಯುತ್ತದೆ.

ಮರೆಯುವ ಮೊದಲು ಹೇಳಿಬಿಡುತ್ತೇನೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ತಂತಿಯ ಮೇಲೆ ಹಾಕಿ, ಇಲ್ಲ ನೀರಿನಲ್ಲಿ ಮುಳುಗಿಸಿಡಿ.

ಮೂಡಿಗೆರೆ ಎಸ್ಟೇಟ್

ನಮ್ಮ ಹತ್ತಿರವೂ ಒಂದು ಇದೆ, ಹೊರಗೆ ಕುದುರೆ ಇರುವುದು. ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಸುರುಳಿ ನಕ್ಷೆ ಮಸುಕಾಗಿ ಕಾಣುತ್ತದೆ. "ನಾಟ್ ಫಾರ್ ಬಾಲ್" ಅಂತ ಕೆತ್ತಿದೆ. ಇದಕ್ಕೆ ಈಗಿನ ತೋಟಾ ಹಾಕಬಹುದಾ? ಹಂದಿ ಕಾಟ ತಡೆಯಲು ಆಗುತ್ತಿಲ್ಲ, ಸದ್ದು ಮಾಡಿ ಓಡಿಸಲಾದರೂ ಬೇಕು.

ನಳಿಗೆ ನಾದ, ಶಿವಮೊಗ್ಗ

ಹಾಕಬೇಡಿ. ದಯವಿಟ್ಟು ಹಾಕಬೇಡಿ.

"ನಾಟ್ ಫಾರ್ ಬಾಲ್" ಅಂದರೆ ಮೂತಿ ಕಿರಿದು ಮಾಡಿದ ನಳಿಗೆ, ಒಂಟಿ ಗುಂಡು ಹಾಕಬಾರದು ಅಂತ. ಆ ಮುದ್ರೆ ಹೊಡೆಯುತ್ತಿದ್ದದ್ದು 1875ರಿಂದ 1887ರವರೆಗೆ. ಸುರುಳಿ ನಕ್ಷೆ ಅಂದರೆ ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹಗ್ಗ ಹೊಸೆದ ಹಾಗೆ ಹೊಸೆದು, ಕಂಬಿಗೆ ಸುತ್ತಿ, ಕುಲುಮೆಯಲ್ಲಿ ಬಡಿದು ಬೆಸೆದದ್ದು. ಮೊದಲ ಪರೀಕ್ಷೆ ನಡೆದದ್ದು ಕರಿ ಮದ್ದಿಗೆ. ಸುರುಳಿಯ ಸಾವಿರ ಬೆಸುಗೆಯ ಒಳಗೆ ಎಲ್ಲಿ ತುಕ್ಕು ಕೂತಿದೆ ಅಂತ ಹೊರಗಿಂದ ಕಾಣುವುದಿಲ್ಲ. ಸದ್ದಿಗೆ ಮಾತ್ರ ಅಂದರೂ ಬೇಡ.

ಆದರೆ ಅದನ್ನು ಕಪ್ಪು ಬಳಿದು ಅಥವಾ ಕ್ರೋಮ್ ಮಾಡಿಸಿ ಮುಚ್ಚಬೇಡಿ. ತಿಳಿದವರು ತುಕ್ಕಿನ ಕ್ರಮದಲ್ಲೇ ನಿಧಾನವಾಗಿ ಕಂದು ಮಾಡಿದರೆ ಕಬ್ಬಿಣ ಒಂದು ಬಣ್ಣ, ಉಕ್ಕು ಒಂದು ಬಣ್ಣ ತಿರುಗಿ ನಕ್ಷೆ ಎದ್ದು ನಿಲ್ಲುತ್ತದೆ. ನೋಡಿದರೆ ಕಣ್ಣು ತುಂಬಿ ಬರುತ್ತದೆ. ಅದು ಗೋಡೆಯ ಮೇಲೆ ಇರಬೇಕಾದ ಕೋವಿ.

ತೋಟದಮನೆ ತಂಗಿ, ನಿಮಗೂ ತೋಟಾ ವಿಷಯದಲ್ಲಿ ಒಂದು ಎಚ್ಚರಿಕೆ. ಆ ಕಾಲದ 12 ಬೋರ್ ಕೋವಿಗಳ ಕೋಣೆ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ, ಬಹುಪಾಲು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗ ಸಿಗುವ ತೋಟಾ ಹೆಚ್ಚಾಗಿ 70 ಮಿಲಿಮೀಟರ್. ಅದು ಸಲೀಸಾಗಿ ಒಳಗೆ ಹೋಗಿಬಿಡುತ್ತದೆ. ಅಲ್ಲೇ ಮೋಸ. ತೋಟಾದ ಮೇಲೆ ಬರೆದಿರುವ ಉದ್ದ ಈಡು ಹೊಡೆದು ಮಡಿಕೆ ಬಿಚ್ಚಿಕೊಂಡ ಮೇಲಿನದು. ಈಡಿನ ಹೊತ್ತಿಗೆ ಬಾಯಿ ಬಿಚ್ಚಲು ಜಾಗ ಇಲ್ಲದೆ ಕೋಣೆಯ ಮುಂದಿನ ಇಕ್ಕಟ್ಟಿಗೆ ತುರುಕಿಕೊಂಡು ಒತ್ತಡ ಏರುತ್ತದೆ. ಕೋಣೆಯ ಉದ್ದ ಅಳೆಸದೆ ಒಂದು ತೋಟಾವನ್ನೂ ಕೊಳ್ಳಬೇಡಿ.

ಮೂಡಿಗೆರೆ ಎಸ್ಟೇಟ್

ಅರ್ಥವಾಯಿತು ಅಣ್ಣ. ಇಷ್ಟು ವರ್ಷ ಅಪ್ಪ ಅದನ್ನು ಯಾಕೆ ಬಳಸುತ್ತಿರಲಿಲ್ಲ ಅಂತ ಈಗ ತಿಳಿಯಿತು. ಗೋಡೆಗೇ ಇರಲಿ.

ಹೊಸನಗರದ ಮೇಷ್ಟ್ರು

ತುಕ್ಕಿನ ಮಾತು ಓದುತ್ತಾ ನೆನಪಾಯಿತು. 2018ರಲ್ಲಿ ನಮ್ಮ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಜಾಸ್ತಿ ಹಳೇ ಕಾಲದ ಕಬ್ಬಿಣದ ರಾಕೆಟ್ಟುಗಳು ಸಿಕ್ಕವು, ಟಿಪ್ಪು ಕಾಲದವು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಒಬ್ಬ ಹುಡುಗ, ಇದನ್ನು ಯಾಕೆ ಉಜ್ಜಿ ಹೊಳಪು ಮಾಡಿಲ್ಲ ಸರ್ ಅಂತ ಕೇಳಿದ. ಉಜ್ಜಿದರೆ ಉಳಿಯುವುದು ಕಬ್ಬಿಣದ ಕೊಳವೆ ಮಾತ್ರ, ಆ ಬಾವಿಯ ಕಥೆ ಹೋಗುತ್ತದೆ ಅಂದೆ. ತೋಟದಮನೆಯವರ ಕುಂಕುಮದ ಗುಂಡಿಗೂ ನನ್ನ ಅಭಿಪ್ರಾಯ ಅದೇ.

ಭದ್ರಾವತಿ ಲೇತ್

ಮೇಷ್ಟ್ರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಮ್ಯೂಸಿಯಂ ಕಬ್ಬಿಣ ಒಣ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಇದು ತೋಟದ ಮನೆಯಲ್ಲಿ ಬಳಕೆಯಲ್ಲಿರುವ ಕೋವಿ. ಗುಂಡಿಯ ಒಳಗಿನ ತುಕ್ಕನ್ನು ಹಾಗೇ ಬಿಟ್ಟರೆ ಅದು ತಿನ್ನುತ್ತಲೇ ಇರುತ್ತದೆ. ಗುಂಡಿ ಇರಲಿ, ತುಕ್ಕು ನಿಲ್ಲಲಿ. ಆಗುತ್ತದಾ ನಾದ ಅಣ್ಣ?

ನಳಿಗೆ ನಾದ, ಶಿವಮೊಗ್ಗ

ಆಗುತ್ತದೆ. ಆ ಉಕ್ಕಿನ ಪೆಟ್ಟಿಗೆಯ ಮೇಲ್ಮೈ ನಳಿಗೆಯ ಹಾಗಲ್ಲ. ಎಲುಬು ಇದ್ದಿಲು, ಮರದ ಇದ್ದಿಲಿನ ನಡುವೆ ಹುದುಗಿಸಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಗಡಸು ಮಾಡಿರುತ್ತಾರೆ. ಆಗ ಬರುವ ನೀಲಿ, ಕಂದು, ಹೊಗೆ ಬಣ್ಣದ ಮೋಡಗಳೇ ಅದರ ಚೆಂದ. ಬಹಳ ತೆಳು ಪದರ. ಟ್ರಿಗರ್ ಕಾಪಿನ ಅಡಿಯಲ್ಲಿ, ಕೈ ತಾಗದ ಮೂಲೆಯಲ್ಲಿ ಇನ್ನೂ ಚೂರು ಉಳಿದಿರಬಹುದು, ನೋಡಿ. ಹಾಗಾಗಿ ಅಲ್ಲಿ ಯಾವ ಆಮ್ಲವನ್ನೂ, ತುಕ್ಕು ತೆಗೆಯುವ ದ್ರಾವಣವನ್ನೂ ಹಾಕಬೇಡಿ, ಬಣ್ಣ ಒಂದೇ ನಿಮಿಷದಲ್ಲಿ ಹೋಗುತ್ತದೆ. ತೆಳು ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ತಾಮ್ರದ ಹಳೇ ನಾಣ್ಯದ ಅಂಚಿನಿಂದ ಗುಂಡಿಯೊಳಗೆ ಮಾತ್ರ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಮೂರ್ನಾಲ್ಕು ದಿನ ಹೀಗೆ ಮಾಡಿದರೆ ಪುಡಿ ತುಕ್ಕೆಲ್ಲ ಬಂದು ಕಪ್ಪು ತಳ ಉಳಿಯುತ್ತದೆ.

ತೋಟದಮನೆ ಮೊಮ್ಮಗಳು, ತೀರ್ಥಹಳ್ಳಿ

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಅರ್ಧ ಮುಗಿದಿದೆ.

ನಾನೇ ಕೋವಿ ತೆಗೆದುಕೊಂಡು ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದೆ. ಗೋಡೆ ಅಳೆದರು. ತಗ್ಗಿನ ಜಾಗದಲ್ಲಿ 0.027 ಇಂಚು ಇದೆ ಅಂದರು. ಒಳಗಿಂದ ಗಟ್ಟಿ ಬೆಣೆ ಕೊಟ್ಟು ಹೊರಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ತಗ್ಗು ಎತ್ತಿದರು. ಈಗ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಬೆಳಕಿನ ಉಂಗುರಗಳು ಮುರಿಯದೆ ಕಾಣುತ್ತವೆ. ಹೊಸ ಕೀಲು ಹಾಕಿದ್ದಾರೆ. ಲಾಕ್ ಒಳಗಿಂದ ಬಂದ ಮೇಣವನ್ನು ಕಾಗದದಲ್ಲಿ ಕಟ್ಟಿ ತೋರಿಸಿದರು, ನೆಲ್ಲಿಕಾಯಿಯಷ್ಟಿತ್ತು. ಕೋಣೆ 65 ಮಿಲಿಮೀಟರೇ.

ನಳಿಗೆಯ ಬಣ್ಣದ ಕೆಲಸವನ್ನು ಅವರು ಆಷಾಢದ ಮಳೆಯಲ್ಲಿ ಮಾಡಿದರು. ಕುದಿಸಲು ನಮ್ಮ ಮಾಡಿನ ಮಳೆ ನೀರನ್ನೇ ಎರಡು ಕ್ಯಾನ್ ಒಯ್ದು ಕೊಟ್ಟಿದ್ದೆ. ಏಳು ಸಲ ಕುದಿಸಿದರಂತೆ. ಮೂರನೇ ಸಲ ನಾನು ಅಲ್ಲೇ ಇದ್ದೆ. ಕೆಂಪಗಿದ್ದ ನಳಿಗೆ ನೀರಿನೊಳಗೆ ಕಪ್ಪಗಾಗುವುದನ್ನು ನೋಡಿದೆ. ಕಲ್ಕತ್ತಾ ಅಂಗಡಿಯ ಹೆಸರಿನ ಅರ್ಧ ಅಳಿಸಿದ ಅಕ್ಷರಗಳನ್ನು ಮತ್ತೆ ಕೆತ್ತಲಾ ಅಂತ ಕೇಳಿದರು. ಬೇಡ ಅಂದೆ.

ಹಿಡಿ ಈಗ ಸಾಗರದಲ್ಲಿದೆ. ಬೇಸಿಗೆವರೆಗೆ ಕಾಯಬೇಕು.

ಕುಂಕುಮದ ಗುಂಡಿಯನ್ನು ನಾನೇ ಮಾಡಿದೆ. ನಾಲ್ಕು ಸಂಜೆ, ತಾಮ್ರದ ನಾಣ್ಯದಿಂದ. ಅಜ್ಜಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ತಳದಲ್ಲಿ ಕಪ್ಪಗೆ ನಿಂತಿದೆ, ಕೈ ಆಡಿಸಿದರೆ ಪುಡಿ ಬರುವುದಿಲ್ಲ. ಟ್ರಿಗರ್ ಕಾಪಿನ ಅಡಿಯಲ್ಲಿ ನೀವು ಹೇಳಿದ ಬಣ್ಣ ಇದೆ ಅಣ್ಣ, ಹೆಬ್ಬೆರಳ ಉಗುರಿನಷ್ಟು. ನವಿಲಿನ ಕುತ್ತಿಗೆಯ ಹಾಗೆ.

ಎರಡು ಪ್ರಶ್ನೆ. ಚುನಾವಣೆ ಬಂದರೆ ಠಾಣೆಗೆ ಜಮಾ ಮಾಡಬೇಕಲ್ಲ, ಆಗ ಏನು ಮಾಡಲಿ? ಮತ್ತೆ ಅಜ್ಜಿ ಈ ಸಲವೂ ಆಯುಧ ಪೂಜೆಗೆ ಕುಂಕುಮ ಇಡುತ್ತೇನೆ ಅನ್ನುತ್ತಿದ್ದಾರೆ.

ಕೊಪ್ಪದ ಕಾಫಿ

2024ರ ಲೋಕಸಭೆ ಚುನಾವಣೆಗೆ ನಾವು ಮಾರ್ಚ್‌ನಲ್ಲಿ ಕೊಟ್ಟ ಕೋವಿ ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಕೈಗೆ ಬಂತು. ಚೀಟಿ ಕಟ್ಟಿದ ಕಬ್ಬಿಣದ ತಂತಿ ನಳಿಗೆಗೆ ಉಜ್ಜಿ ಉದ್ದಕ್ಕೆ ಗೀರು ಬಿದ್ದಿತ್ತು. ಆಗಿನಿಂದ ನಾನು ನೂಲಿನ ದಾರದಲ್ಲಿ ಚೀಟಿ ಕಟ್ಟಿಕೊಂಡೇ ಹೋಗುತ್ತೇನೆ. ಕೊಡುವ ಹಿಂದಿನ ದಿನ ಒಳಗೂ ಹೊರಗೂ ತೆಳ್ಳಗೆ ಎಣ್ಣೆ ಸವರಿ, ಒಣ ಹತ್ತಿ ಬಟ್ಟೆ ಸುತ್ತಿ. ಚರ್ಮದ ಚೀಲದಲ್ಲಿ ಕೊಡಬೇಡಿ, ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಫೋಟೊ ತೆಗೆದು, ರಸೀದಿಯಲ್ಲಿ ನಂಬರ್ ಸರಿ ಇದೆಯಾ ಅಲ್ಲೇ ಓದಿ. ವಾಪಸ್ ಬಂದ ದಿನವೇ ಬಿಚ್ಚಿ ಒರೆಸಿ.

ನಳಿಗೆ ನಾದ, ಶಿವಮೊಗ್ಗ

ಕುಂಕುಮ ಇಡಲಿ ತಂಗಿ. ಮೊದಲು ಆ ಜಾಗಕ್ಕೆ ಜೇನುಮೇಣ ಒಂದು ಪದರ ಉಜ್ಜಿ. ಪೂಜೆಯಾದ ಸಂಜೆಯೇ ಒಣ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ. ಹಿಡಿ ಸಾಗರದಿಂದ ಬಂದ ಮೇಲೆ ಒಂದು ಫೋಟೊ ಹಾಕಿ.

ಸಾಗರದ ಮರಗೆಲಸ

ಒಂಬತ್ತನೇ ಸಲ ಬಳಿದಿದ್ದೇನೆ ಅಕ್ಕ. ಪುಡಿ ಇನ್ನೂ ಹಳದಿ ಬರುತ್ತಿದೆ. ಸೀಳಿನ ಒಳಗೆ ಮರ ಗಟ್ಟಿ ಇದೆ. ಅಜ್ಜನ ತಾಮ್ರದ ತಂತಿ ನನ್ನ ಹತ್ತಿರ ಸುರುಳಿ ಸುತ್ತಿ ಇಟ್ಟಿದ್ದೇನೆ, ಹಿಡಿಯ ಜೊತೆ ಕಳಿಸುತ್ತೇನೆ.